ನೆಲಕ್ಕಿಳಿಸಿದ್ದು ನೀವೆಂದು ಬಂದು ಹೇಳಿ

ಹಾಸಿಗೆಗೆ ಶುಲ್ಕ ವಿಧಿಸಿದ ಮಾನ್ಯರೇ,

ಖಾಸಗಿ ಆಸ್ಪತ್ರೆಗಳ ಪ್ರತಿ ಹಾಸಿಗೆಗೂ ಶುಲ್ಕ ಹಾಕಿ, ಆ ಹಣದಿಂದ ಸರ್ಕಾರಿ ಆಸ್ಪತ್ರೆಗಳನ್ನು ಉದ್ಧಾರ ಮಾಡುತ್ತೇವೆ ಎಂದಿರಿ. ತಮ್ಮ ಆ ಶುಲ್ಕ ನನ್ನ ಅತ್ತೆ ಶಿವಬಸಮ್ಮನವರನ್ನು ನೆಲಕ್ಕೆ ಇಳಿಸಿದೆ. ಅವರೀಗ ಮೇಲೇಳಲು ಒಪ್ಪುತ್ತಿಲ್ಲ.

ಶುಲ್ಕವೇ ತಪ್ಪು ಎನ್ನುವವಳಲ್ಲ ನಾನು. ಉಳ್ಳವರಿಂದ ಪಡೆದು ಇಲ್ಲದವರಿಗೆ ಕೊಡುವುದನ್ನು ಯಾರು ಬೇಡವೆಂದಾರು? ಸುದ್ದಿ ಓದಿದ ದಿನ ನಮ್ಮ ಕಿರಾಣಿ ಅಂಗಡಿಗೆ ಬಂದವರಿಗೆಲ್ಲ ಹೊಗಳಿ ಹೇಳಿದ್ದೆ. ಆದರೆ ಆ ಹಣದಿಂದ ಬಂದ ಮಂಚಗಳನ್ನು ತಾವು ನೋಡಿದ್ದೀರಾ? ನಮ್ಮ ಭಾಗದ ಸರ್ಕಾರಿ ಆಸ್ಪತ್ರೆಯ ಬೀಗ ಹಾಕಿದ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದ್ದುಕೊಂಡಿವೆ. ಅತ್ತೆಗೆ ಉಸಿರಾಟ ಕಷ್ಟವಾಗಿ ಅಲ್ಲಿಗೆ ಒಯ್ದಾಗ ನರ್ಸ್ ಶಬೀನಾ ಕಿಟಕಿಯಿಂದಲೇ ತೋರಿಸಿದರು. "ಇನ್ನೂ ಉದ್ಘಾಟನಿ ಆಗಿಲ್ರಿ ಅಕ್ಕಾರ. ಸಾಹೇಬ್ರು ಡೇಟ್ ಕೊಟ್ಟಿಲ್ಲ. ಗಂಗಾವತಿಗೆ ಹೋಗಿಬಿಡ್ರಿ." ಮುಹೂರ್ತ ನೋಡಿ ಉಸಿರಾಡುವ ಅಭ್ಯಾಸ ಅತ್ತೆಗಿಲ್ಲವಾದ್ದರಿಂದ ಹೋದೆವು.

ಅಲ್ಲಿನ ಖಾಸಗಿ ಆಸ್ಪತ್ರೆಯವರೋ, ನೀವು ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು. ಶುಲ್ಕ ತಪ್ಪಿಸಲು ಅರ್ಧದಷ್ಟು ಮಂಚ ಬಿಚ್ಚಿ ಮಾಳಿಗೆಗೆ ಹಾಕಿದ್ದರು. "ಮನ್ಯಾಗಿನ ಹೊರಸು ತರ್ರಿ. ಅದು ನಮ್ದಲ್ಲ, ಲೆಕ್ಕಕ್ಕ ಬರಂಗಿಲ್ಲ" ಎಂದರು ಮ್ಯಾನೇಜರು. ನಮ್ಮ ಯಜಮಾನರು ಅತ್ತೆ ದಿನವೂ ಮಲಗುವ ಹಗ್ಗದ ಹೊರಸನ್ನೇ ಟಂಟಂ ಆಟೊದಲ್ಲಿ ತಂದರು. ಆಕ್ಸಿಜನ್ ಹಚ್ಚಿದ ಮೇಲೆ ಅತ್ತೆ ಚೇತರಿಸಿಕೊಂಡು ಚಹಾ ಕೇಳಿದರು. ಅಷ್ಟರಲ್ಲಿ ತಮ್ಮ ತಪಾಸಣೆಯವರು ಬಂದು ನಮ್ಮ ಹೊರಸನ್ನೂ ಎಣಿಸಿಕೊಂಡರು! ರೋಗಿ ಮಲಗಿದ್ದೆಲ್ಲ ಹಾಸಿಗೆಯೇ ಅಂತೆ. ಅವರ ಜೀಪು ತಿರುಗುವ ಮೊದಲೇ ಮ್ಯಾನೇಜರು ಅತ್ತೆಯನ್ನು ಚಾಪೆಗೆ ಇಳಿಸಿ, ಹೊರಸನ್ನು ರಸ್ತೆಗೆ ಇಡಿಸಿದರು.

ಮಂಚದ ಮೇಲೆ ಜೀವ ಹೋಗಬಾರದೆಂದು ನಮ್ಮಲ್ಲಿ ಕೊನೆಗಾಲ ಬಂದವರನ್ನು ನೆಲಕ್ಕೆ ಇಳಿಸುತ್ತಾರೆ. ತಮ್ಮ ಸುತ್ತೋಲೆಗೆ ಇದು ಗೊತ್ತಿರಲಿಕ್ಕಿಲ್ಲ. ಅತ್ತೆ ನನ್ನ ಕೈ ಹಿಡಿದು, "ನೆಲಕ್ಕ ಹಾಕಿದ್ರೇನವಾ? ನನ್ನ ಕಾಲ ಬಂತೇನ?" ಎಂದರು.

"ಇಲ್ರಿ ಅತ್ತಿ, ಸರ್ಕಾರದ್ದು ಏನೋ ಶುಲ್ಕ ಐತಂತ, ಅದಕ್ಕ."

ಅವರು ನಕ್ಕರು. "ಸಾಯೋರಿಗೆ ಎಲ್ಲಾರೂ ಹಿಂಗ ಸುಳ್ಳು ಹೇಳ್ತಾರವಾ. ನಾನೂ ನಮ್ಮತ್ತಿಗೆ ಹೇಳಿದ್ದೆ."

ಮನೆಗೆ ಕರೆತಂದೆವು. ಹೊರಸಿನ ಮೇಲೆ ಮಲಗಿಸಹೋದರೆ, ಇಳಿಸಿದವರನ್ನು ಮತ್ತೆ ಏರಿಸಬಾರದು ಎನ್ನುತ್ತಾರೆ. ಗುಳಿಗೆ ಉಗುಳುತ್ತಾರೆ. ಗಂಜಿ ಬೇಡ, ವಿಭೂತಿ ಹಚ್ಚಲು ಅಯ್ಯನವರನ್ನು ಕರೆಯಿರಿ ಎನ್ನುತ್ತಾರೆ. ಡಾಕ್ಟರರ ಪ್ರಕಾರ ಅವರಿಗೆ ಸಾಯುವಂಥ ಕಾಯಿಲೆ ಇರಲೇ ಇಲ್ಲ.

ಶುಲ್ಕ ರದ್ದು ಮಾಡಿ ಎಂದು ಕೇಳುವುದಿಲ್ಲ. ಆ ಕೋಣೆಯ ಬೀಗ ತೆಗೆಯಿರಿ ಎಂದು ಕೇಳಿ ಕೇಳಿ ಸಾಕಾಗಿದೆ. ತಾವೊಮ್ಮೆ ಸಿದ್ದಾಪುರಕ್ಕೆ ಬಂದು, ನಮ್ಮ ಪಡಸಾಲೆಯಲ್ಲಿ ಅತ್ತೆಯ ಪಕ್ಕ ಕುಳಿತು, "ತಾಯಿ, ನಿಮ್ಮನ್ನು ಇಳಿಸಿದ್ದು ಯಮನಲ್ಲ, ನಾವು" ಎಂದು ಹೇಳಿ. ಸೊಸೆಯ ಮಾತನ್ನು ಅವರು ನಂಬುತ್ತಿಲ್ಲ. ಪಾಪ, ಸರ್ಕಾರದ ಮಾತನ್ನು ಇನ್ನೂ ನಂಬುತ್ತಾರೆ. ತಾವು ಬರಲಿಕ್ಕಿಲ್ಲ, ಗೊತ್ತಿದೆ. ನಿನ್ನೆಯಿಂದ ಅವರು ನೀರನ್ನೂ ಬಿಟ್ಟಿದ್ದಾರೆ.

ಇಂತಿ,
ತಮ್ಮ ಶುಲ್ಕವನ್ನು ಊರ ತುಂಬ ಹೊಗಳಿದ್ದ
ಸುರೇಖಾ, ಕಿರಾಣಿ ಅಂಗಡಿ, ಸಿದ್ದಾಪುರ