ಅವ್ವನ ಕರಡಿಗೆಯ ಸಾಂದ್ರತೆ

೧೧-೮-೧೯೮೪, ಶನಿವಾರ, ಜೇವರ್ಗಿ

ವಿಜ್ಞಾನದ ಮಾಸ್ತರ ನಾನು, ಇವತ್ತು ಅವ್ವನ ಮುಂದೆ ಸುಳ್ಳು ಲೆಕ್ಕ ಹೇಳಿದೆ. ಅದೇ ಕೊರೆಯುತ್ತಿದೆ.

ಲೋಹಗಳ ಸಾಂದ್ರತೆಯ ಪಾಠಕ್ಕೆ ಬಳಸಿದ ಶಾಲೆಯ ತಕ್ಕಡಿಯನ್ನು ಮಧ್ಯಾಹ್ನ ಮನೆಗೆ ತಂದಿದ್ದೆ.

"ನನ್ನ ಲಿಂಗದ ಕರಡಿಗಿನೂ ತೂಗಿ ನೋಡಪಾ. ನಿಮ್ಮಪ್ಪಾರು ಮದುವ್ಯಾಗ ಕೊಟ್ಟ ಬೆಳ್ಳಿ," ಎಂದಳು ಅವ್ವ.

ಲಿಂಗ ಮೈ ಬಿಟ್ಟಿರಬಾರದಲ್ಲ. ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಂತೆ ಕೂತಳು. ಬರಿದಾದ ಕರಡಿಗೆಯನ್ನು ಗಾಳಿಯಲ್ಲೊಮ್ಮೆ, ನೀರಿನಲ್ಲೊಮ್ಮೆ ತೂಗಿದೆ. ಬೆಳ್ಳಿಯಾದರೆ ಸಾಂದ್ರತೆ ಹತ್ತೂವರೆ ಬರಬೇಕು. ಎಂಟೂವರೆ ಬಂತು. ಮತ್ತೆ ತೂಗಿದೆ, ಅಷ್ಟೇ. ಜರ್ಮನ್ ಬೆಳ್ಳಿ, ಅದರಲ್ಲಿ ಬೆಳ್ಳಿ ಇರುವುದು ಹೆಸರಿಗೆ ಮಾತ್ರ.

"ಹತ್ತೂವರಿ ಬಂತವ್ವಾ, ಚೊಕ್ಕ ಬೆಳ್ಳಿ," ಎಂದೆ, ನೀರು ಒರೆಸುವ ನೆಪದಲ್ಲಿ ತಲೆ ತಗ್ಗಿಸಿ.

ಅವ್ವ ಲಿಂಗವನ್ನು ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡು ನಕ್ಕಳು.

"ನಿಮ್ಮಪ್ಪಾರೂ ಹಿಂಗ ನೆಲಾ ನೋಡಕೋತ ಬೆಳ್ಳಿ ಅಂದಿದ್ರು. ನಲವತ್ತು ವರ್ಷ ಆತು, ಗೊತ್ತಿಲ್ಲದಂಗ ಇದ್ದೇನಿ. ನೀನೂ ಇರು."

ನಾಳೆ ಅಪ್ಪ ನೆಲೋಗಿಯಿಂದ ಬರುವುದರೊಳಗೆ ತಕ್ಕಡಿ ಬಚ್ಚಿಡಬೇಕು.