ಎರಡೂ ಕಡೆ ಪಿನ್ನಿನ ವೈರು

ಏಪ್ರಿಲ್ 21, 2022. ಬೆಳಿಗ್ಗೆ 7

ಇವರಿಗೆ 91. ಕಾಫಿ ಕುಡಿದ ಮೇಲೆ 89. ಆಕ್ಸಿಜನ್ ಎಷ್ಟೈತೆ ದಿನಾ ಬರೆದಿಡಿ ಅಂದವ್ರೆ ಡಾಕ್ಟ್ರು. ಬರೀತೀನಿ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟ ಕೈ.

ನೆನ್ನೆ ಎರಡು ಸಲ ಕರೆಂಟ್ ಹೋಯ್ತು. ರೇಷ್ಮೆ ನೂಲು ತೆಗೆಯೋ ಫಿಲೇಚರ್ ಬಾಯ್ಲರ್ ಹೊಗೇಲಿ ಮೂವತ್ತು ವರ್ಷ ನಿಂತಿದ್ದ ಎದೆ ಇವರದು. ಆಕ್ಸಿಜನ್ ಮಿಷಿನ್ನು ನಿಂತ್ರೆ ಹತ್ತು ನಿಮಿಷಕ್ಕೆ 80ಕ್ಕೆ ಇಳೀತದೆ. ಅದಕ್ಕೇ ಜನರೇಟರ್ರು. ಅದರ ಹೊಗೆ ತಾಕಬಾರ್ದು ಅಂತ ಹಿತ್ತಲ ಕೊನೇಲಿ ಇಟ್ಟೀವಿ. ಅಲ್ಲಿಂದ ಇವರ ಕೋಣೆಗೆ ವೈರು ಎಟುಕಲ್ಲ. ಲೈನ್‌ಮನ್ ಅಂಕಯ್ಯ ಎರಡೂ ತುದಿಗೆ ಪಿನ್ ಹಾಕಿ ಒಂದು ವೈರು ಮಾಡ್ಕೊಟ್ಟವ್ನೆ. ಒಂದು ತುದಿ ಜನರೇಟರ್ರಿಗೆ, ಇನ್ನೊಂದು ಬಚ್ಚಲ ಗೋಡೆ ಪ್ಲಗ್ಗಿಗೆ. ಇಡೀ ಮನೆಗೆ ಕರೆಂಟು.

“ಮೊದ್ಲು ಮೇನ್ ಸ್ವಿಚ್ಚು ಕೆಳಕ್ಕೆ ಇಳಿಸ್ಬುಡು ಗಂಗಕ್ಕ. ಇಲ್ದಿದ್ರೆ ನಿನ್ ಕರೆಂಟು ಕಂಬ ಹತ್ತುತದೆ. ಅಲ್ಲಿರೋನು ನಾನೇ. ಹಪ್ಪಳ ಮಾಡ್ಬುಟ್ಟೀಯ ನನ್ನ” ಅಂತ ನಗ್ತಾನೆ.

ನಂಗೆ ನಗು ಬರಲ್ಲ. ಇಳಿಸ್ತೀನಿ. ಜನರೇಟರ್ ಹಗ್ಗ ಎಳೆಯೋ ಮುಂಚೆ ನೋಡ್ತೀನಿ. ಎಳೆದ ಮೇಲೂ ಹೋಗಿ ನೋಡ್ತೀನಿ.

ಏಪ್ರಿಲ್ 30

90. 92. ಸಂಜೆ ಮೂರು ತಾಸು ಕರೆಂಟ್ ಇಲ್ಲ. ಮೇನು ಐದು ಸಲ ನೋಡ್ದೆ. ಕಣ್ಣಲ್ಲಿ ನೋಡಿದ್ರೆ ನಂಬಿಕೆ ಬರಲ್ಲ — ಹಿಡಿ ಒಂದ್ಸಲ ಮೇಲೆತ್ತಿ ಮತ್ತೆ ಇಳಿಸಿ, ಟಕ್ ಅಂದ್ರೇನೆ ಸಮಾಧಾನ.

“ಸವೆದೋಯ್ತದೆ ಕಣೆ ಅದು” ಅಂದ್ರು ಇವರು.

ಮೇ 8, ಭಾನುವಾರ. ಬೆಳಿಗ್ಗೆ 9

ರಾತ್ರಿ ಗಾಳಿ ಮಳೆ. ಕಂಬದಿಂದ ನಮ್ಮನೆಗೆ ಬರೋ ವೈರು ಕಿತ್ತೋಗೈತೆ. ಐದು ಗಂಟೆಯಿಂದ ಜನರೇಟರ್ರು ಓಡ್ತಾ ಐತೆ. 88. ಅಂಕಯ್ಯಂಗೆ ಫೋನ್ ಮಾಡ್ದೆ. ರಜವಂತೆ, ಆದ್ರೂ ಬತ್ತೀನಿ ಅಂದ. “ಭಾವಂಗೆ ಉಸಿರಿರ್ಲಿ ಅಕ್ಕ. ನನ್ ಬಾಡೂಟ ಎಲ್ಲೋಯ್ತದೆ.”

ಮೇ 12

88. 90.

ಮೇ 13

89.

ಮೇ 14. ಮಧ್ಯಾಹ್ನ

ಆ ಭಾನುವಾರದ್ದು ಬರೀತೀನಿ.

ಅಂಕಯ್ಯ ಅಮೀರ್ ಭಾಯಿ ಹಿಟ್ಟಿನ ಗಿರಣಿ ಪಕ್ಕದ ಟ್ರಾನ್ಸ್‌ಫಾರ್ಮರ್ ಟಿ.ಸಿ.ಲಿ ಫ್ಯೂಸ್ ಕಿತ್ತು ಬಂದ. “ಮೇನು?” ಅಂದ. “ಕೆಳಗೈತೆ” ಅಂದೆ. ಕೆಳಗೇ ಇತ್ತು. ಏಣಿ ಹತ್ತಿದ. ಒಳಗೆ ಬಂದೆ. ನಿಜವಾಗ್ಲೂ ಕೆಳಗೈತಾ... ಹಿಡಿ ಎತ್ತಿದೆ. ಟಕ್ ಅನ್ನಿಸಿ ಇಳಿಸಾಣ ಅಂತ. ಆಗ ಇವರು ಕೆಮ್ಮಿದ್ರು. ಮೂಗಿನ ಟ್ಯೂಬು ಬಿದ್ದೋಗಿತ್ತು. ಓಡಿದೆ. ಸಿಗಿಸ್ತಿದ್ದೆ. ಹೊರಗೆ ದೊಪ್ಪಂತ ಸದ್ದು. ಮೂಟೆ ಬಿದ್ದಂಗೆ.

ಮೊದ್ಲು ಹೋಗಿದ್ದು ಅವನತ್ರ ಅಲ್ಲ. ಮೇನ್ ಹತ್ರ. ಮೇಲಿತ್ತು. ಇಳಿಸ್ದೆ. ಆಮೇಲೆ ಹೊರಗೆ ಹೋದೆ.

ಬಲಗೈ ಸುಟ್ಟೈತೆ. ಸೊಂಟ ಮುರಿದೈತೆ. ಬದುಕವ್ನೆ.

ಜನ ಅವನನ್ನ ಗಾಡಿಗೆ ಹಾಕ್ತಿದ್ರು, ನಾನು ವೈರು ಸುತ್ತಿ ರಾಗಿ ಡ್ರಮ್ಮಿಗೆ ಹಾಕ್ದೆ. ಲೈನು ಸೇರಿಸೋವರ್ಗೂ ಮಿಷಿನ್ನು ಹಿತ್ತಲಿಗೆ ಒಯ್ದು ಜನರೇಟರ್ರಿಗೇ ಸಿಗಿಸಿ, ಇವರನ್ನ ಅಲ್ಲೇ ಕೂರಿಸ್ದೆ. ಅಳು ಬರ್ಲಿಲ್ಲ. ಈಗ್ಲೂ ಬರಲ್ಲ.

ಊರಲ್ಲಿ ಬೇರೆ ಮಾತು. ಗಿರಣಿ ಓಡಿಸಕ್ಕೆ ಅಮೀರೇ ಟಿ.ಸಿ. ಫ್ಯೂಸು ವಾಪಸ್ ಹಾಕವ್ನೆ ಅಂತ. ಯಾರೂ ನೋಡಿಲ್ಲ. ಎಲ್ರೂ ಹೇಳ್ತವ್ರೆ.

ಮೇ 17

ಆಸ್ಪತ್ರೆಗೆ ಹೋಗಿದ್ದೆ. ಕೈಗೆ ದಿಂಬಿನಷ್ಟು ಬ್ಯಾಂಡೇಜು.

“ಅಂಕಯ್ಯ... ಮೇನು ನಾನೇ...”

“ಕಂಬದ ಮೇಲೇ ಗೊತ್ತಾಯ್ತು ಬುಡು. ಬಾಯಿ ಬಿಡ್ಬ್ಯಾಡ ಗಂಗಕ್ಕ. ಆ ವೈರು ಮಾಡಿದ್ದು ಲೈನ್‌ಮನ್ನೇ ಅಂತ ಗೊತ್ತಾದ್ರೆ ಕೆಲಸ ಹೋಯ್ತದೆ. ಕೈ ಆಗ್ಲೇ ಹೋಯ್ತು.”

“ಅಮೀರ್ ಭಾಯಿ?”

ಮುಖ ಗೋಡೆ ಕಡೆ ತಿರುಗಿಸ್ದ.

ಮೇ 19

ಅಮೀರ್ ಭಾಯಿ ಬಂದಿದ್ರು. ಯಾವಾಗ್ಲೂ ಜಗಲಿ ಮೇಲೆ ಕೂರೋರು, ಇವತ್ತು ನಿಂತೇ ಇದ್ರು. ನಮ್ಮ ರಾಗಿ ಹಿಟ್ಟು ಅವರೇ ಹೊತ್ಕೊಂಡು ಬಂದವ್ರೆ. ಬೀಸಿಸಕ್ಕೆ ಯಾರೂ ಬತ್ತಿಲ್ವಂತೆ.

“ಭಾನುವಾರ ಗಿರಣಿ ಬೀಗಾನೇ ತೆಗೀಲಿಲ್ಲ ಅಕ್ಕ. ಮನೇಲಿ ಮಲಗಿದ್ದೆ. ಸಾಬಿರಾ ಹೇಳಿದ್ರೆ, ಹೆಂಡ್ತಿ ಇನ್ನೇನು ಹೇಳ್ತಾಳೆ ಅಂತ ನಗ್ತಾರೆ. ಸೋಮವಾರ ಕರೆಂಟ್ ಆಫೀಸ್ ಸಾಹೇಬ್ರು ವಿಚಾರಣೆಗೆ ಬತ್ತವ್ರೆ, ಪೊಲೀಸ್ನೋರೂ ಬತ್ತಾರೆ. ನಿಮ್ಮನೆ ಮುಂದೆ ಆಗಿದ್ದು. ನೀವು ನೋಡಿದ್ದು ಹೇಳಿ, ಅಷ್ಟೇ.”

ಟೀ ಮಾಡ್ಲಾ ಅಂದೆ. ಬ್ಯಾಡ ಅಂದ್ರು.

ಮೇ 21

ಇವರಿಗೆ ಎಲ್ಲಾ ಹೇಳ್ದೆ.

“ಸಾಹೇಬ್ರಿಗೂ ಹೇಳ್ಬುಡು” ಅಂದ್ರು.

“ಜನರೇಟರ್ ಎತ್ಕೊಂಡೋದ್ರೆ? ನನ್ನೇ ಕರ್ಕೊಂಡೋದ್ರೆ?”

“ಹೋಗ್ಲಿ.”

“ಹೋಗ್ಲಿ ಅಂದ್ರೆ ನಿಮ್ಮುಸಿರು?... ಅಂಕಯ್ಯನ ಕೆಲಸ?”

ಮೂಗಿನ ಟ್ಯೂಬು ಸರಿ ಮಾಡ್ಕೊಂಡ್ರು. 87.

ಮೇ 22, ಭಾನುವಾರ

ದೊಡ್ಡಮಳೂರಿಂದ ನಾದಿನಿ ಬೋರಮ್ಮನ್ನ ಕರೆಸ್ಕೊಂಡೆ. ಚನ್ನಪಟ್ಟಣದಲ್ಲಿ ಉದ್ದದ ವೈರು ತಂದು, ಕಿಟಕಿಯಿಂದ ನೇರ ಮಿಷಿನ್ನಿಗೇ ಕೊಟ್ಟೆ. ಮೇನು, ಕಂಬ, ಯಾವುದರ ಗೊಡವೇನೂ ಇಲ್ಲ. ಮೊದ್ಲೇ ತರಬೌದಿತ್ತು. ತರಲಿಲ್ಲ.

ಬೋರಮ್ಮಂಗೆ ಹಗ್ಗ ಎಳೆಯೋದು ಕಲಿಸ್ದೆ. ಮೂರನೇ ಎಳೆತಕ್ಕೆ ಸ್ಟಾರ್ಟ್ ಆಯ್ತು.

“ಎತ್ತಿನ ಮೂಗುದಾರ ಎಳ್ದಂಗೈತಲ್ಲ ಅತ್ತಿಗೆ. ನಂಗ್ಯಾಕೆ ಇದು? ನೀನೆಲ್ಲೋಯ್ತೀಯ?”

“ಎಲ್ಲೂ ಇಲ್ಲ. ಇನ್ನೊಂದ್ಸಲ ಎಳಿ.”

ಆಮೇಲೆ ಬಾಗಿಲು ಹಾಕ್ಕೊಂಡು ಡ್ರಮ್ಮಿಂದ ಹಳೇ ವೈರು ತೆಗೆದೆ. ಎರಡೂ ಪಿನ್ನು ಬಿಚ್ಚಿದೆ. ನಾನೇ ಕಟ್ಟಿದ್ದು ಅಂತ ಹೇಳಿದ್ರೆ, ಎಲ್ಲಿ ಕಟ್ಟಿ ತೋರ್ಸು ಅಂತಾರೆ ಸಾಹೇಬ್ರು. ಮೊದಲ್ನೇ ಸಲ ತಂತಿ ಎಳೆ ಈಚೆಗೆ ಬಂತು. ಎರಡನೇ ಸಲ ಹೆಬ್ಬೆಟ್ಟು ಕುಯ್ಕೊಂಡೆ. ಕೆಂಪು ಒಂದು ಕಡೆ, ಕಪ್ಪು ಒಂದು ಕಡೆ, ಹಸಿರು ಮೇಲೆ. ಸಂಜೆ ಹೊತ್ತಿಗೆ ಆರು ಸಲ ಕಟ್ಟಿ ಬಿಚ್ಚಿದ್ದೆ. ಈಗ ನೋಡ್ದೇನೂ ಬತ್ತದೆ.

ಇವರು ಮಂಚದಿಂದ ನೋಡ್ತಿದ್ರು. “ಅಂಕಯ್ಯಂಗಿಂತ ಬಿಗಿಯಾಗಿ ಕಟ್ತೀಯ” ಅಂದ್ರು. 90.

ಮೇ 23. 10.40

92. ಬೋರಮ್ಮ ಇವರ ಹತ್ರ ಕೂತವ್ಳೆ. ಜೀಪು ಗಿರಣಿ ಮುಂದೆ ನಿಂತೈತೆ. ಅಮೀರ್ ಭಾಯಿ ಕೈ ಕಟ್ಕೊಂಡು ನಿಂತವ್ರೆ. ಸುತ್ತ ಜನ. ಯಾರೋ ನಗ್ತವ್ರೆ.

ಬಾಯಿ ಒಣಗ್ತದೆ, ತಪ್ಪಿ ಹೋಗ್ಬಾರ್ದು, ಬರ್ಕೊಂಡೇ ಹೋಗ್ತೀನಿ. ಅಮೀರ್ ಭಾಯಿ ಫ್ಯೂಸು ಮುಟ್ಟಿಲ್ಲ. ವೈರು ಕಟ್ಟಿದ್ದು ನಾನು. ಯಾರೂ ಹೇಳಿಕೊಟ್ಟಿಲ್ಲ. ಅಂಕಯ್ಯಂಗೆ ಗೊತ್ತೇ ಇರ್ಲಿಲ್ಲ. ಅವನು ಕಂಬದ ಮೇಲಿದ್ದಾಗ ಮೇನು ಎತ್ತಿದ್ದು...