ಎದುರು ಮೂಲೆಯಲ್ಲಿ ನಿಂತವರು

ಆಲ್ಡೆನ್ ಗ್ರೋವ್, ಅಯೋವಾ
ಫೆಬ್ರವರಿ 11, ಬೆಳಿಗ್ಗೆ

ಪ್ರೀತಿಯ ಕರ್ಸ್ಟನ್,

ಇಲ್ಲಿ ನಾನು ಕ್ಷೇಮ. ನಿನ್ನ ಮಾವ ಹಾರ್ಲನ್ ಫೋನಿನಲ್ಲಿ ವರ್ಣಿಸಿದ್ದಕ್ಕಿಂತ ಬಹಳ ಹೆಚ್ಚು ಕ್ಷೇಮ.

ನಿನ್ನ ಕಾಗದ ನಿನ್ನೆ ಬಂತು. ಹಾರ್ಲನ್ ಹತ್ತಿರ ಕ್ಷಮೆ ಕೇಳಬೇಕು, ಅಂಗಡಿಯ ಕಿಟಕಿಯಿಂದ ಪ್ರಚಾರದ ಫಲಕ ತೆಗೆಯಬೇಕು, ಈ ವಯಸ್ಸಿನಲ್ಲಿ ರಾಜಕೀಯ ಬೇಡ ಎಂದು ಬರೆದಿದ್ದೀಯ. ಕ್ಷಮೆ ಕೇಳುವುದಿಲ್ಲ. ಫಲಕ ತೆಗೆಯುವುದಿಲ್ಲ. ವಯಸ್ಸಿನ ಮಾತಿಗೆ ಬಂದರೆ, ಈ ಸಲ ದೇಶದ ಅಧ್ಯಕ್ಷರಾಗಲು ಹೊರಟವರಲ್ಲಿ ಮೂವರು ನನಗಿಂತ ದೊಡ್ಡವರು. ಅವರ ಮಕ್ಕಳೂ ಅವರಿಗೆ ಹೀಗೆ ಬರೆಯುತ್ತಾರೋ ಏನೋ, ನನಗೆ ತಿಳಿಯದು.

ನೀನು ಕೇಳಿದ್ದು ಹಾರ್ಲನ್‌ನ ಕಥೆ. ಈಗ ನನ್ನದನ್ನು ಕೇಳು.

ಟರ್ಕಿ ಕೋಳಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಯೆಸೇನಿಯಾ ನಿನಗೆ ನೆನಪಿರಬಹುದು. ನಿನ್ನ ಮದುವೆಯ ದಿನ ನಿನ್ನ ಜಡೆಗೆ ಹೂ ಮುಡಿಸಲು ನನಗೆ ಕೈ ಜೋಡಿಸಿದವಳು. ನಮ್ಮ ಆಸ್ಪತ್ರೆಯ ಹೆರಿಗೆ ವಾರ್ಡ್ ಮುಚ್ಚಿದ ಮೇಲೆ ಹೆರಿಗೆಗೆ ಎಲ್ಲರೂ ಒಂದು ಗಂಟೆಯ ದಾರಿ ಹೋಗಬೇಕು. ಅವಳಿಗೆ ಅಷ್ಟು ಸಮಯ ಸಿಗಲಿಲ್ಲ. ಹೆದ್ದಾರಿಯ ಪಕ್ಕ, ಜೋಳದ ಹೊಲದ ಎದುರು, ಕಾರಿನ ಹಿಂದಿನ ಸೀಟಿನಲ್ಲಿ ಹೆತ್ತಳು. ಗಂಡ ಟಾರ್ಚ್ ಹಿಡಿದುಕೊಂಡು ಅಳುತ್ತಿದ್ದನಂತೆ. ಇದನ್ನೆಲ್ಲ ಅಂಗಡಿಗೆ ಕೂದಲು ಕತ್ತರಿಸಿಕೊಳ್ಳಲು ಬಂದಾಗ ನನ್ನ ಕುರ್ಚಿಯಲ್ಲಿ ಕೂತು ನಗುನಗುತ್ತ ಹೇಳಿದಳು. ನನಗೆ ಕತ್ತರಿ ಆಡಿಸಲಾಗಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ, ಅಧ್ಯಕ್ಷ ಸ್ಥಾನಕ್ಕೆ ಹೊರಟ ಬೇರೊಂದು ರಾಜ್ಯದ ಗವರ್ನರ್ ಅಡೆಲ್ ಸ್ಟ್ರಾಮ್ ಪ್ರಚಾರಕ್ಕೆಂದು ನಮ್ಮೂರಿನ ಹೋಟೆಲಿಗೆ ಬಂದಳು. ಅಡುಗೆಯವನನ್ನೂ ಸೇರಿಸಿದರೆ ಒಂದು ಡಜನ್ ಜನ ಇದ್ದೆವೇನೋ. ನಾನು ಕೈ ಎತ್ತಿ ಹೆರಿಗೆ ವಾರ್ಡಿನ ವಿಷಯ ಕೇಳಿದೆ. ಬೇರೆಯವರಾಗಿದ್ದರೆ ಮಾತು ಕೊಟ್ಟು, ಕೈ ಕುಲುಕಿ, ಹೊರಟುಬಿಡುತ್ತಿದ್ದರು. ಆಕೆ ಕುರ್ಚಿ ಎಳೆದುಕೊಂಡು ಕೂತಳು.

"ನಮ್ಮ ರಾಜ್ಯದಲ್ಲಿ ಇಂಥವು ಐದು ಮುಚ್ಚೋದ್ರಲ್ಲಿದ್ವು. ಮೂರು ಉಳಿಸ್ಕೊಂಡೆ. ಎರಡು ನನ್ನ ಕೈಲಿ ಆಗ್ಲಿಲ್ಲ," ಎಂದಳು.

ಆ ಎರಡರ ಮಾತಿಗೇ ನಾನು ಅವಳ ಕಡೆಯವಳಾದೆ.

ಅವತ್ತಿನಿಂದ ನಾನು ಏನೇನು ಮಾಡಿದೆ ಎಂದು ನಿನಗೆ ಯಾರೂ ಹೇಳಿರಲಾರರು. ಸೋಮವಾರ ಅಂಗಡಿಗೆ ರಜೆ, ಅಂದು ಅಡುಗೆಮನೆಯಲ್ಲಿ ಕೂತು ಊರವರಿಗೆಲ್ಲ ಫೋನ್ ಮಾಡಿದೆ. ಮೊದಲ ಮನುಷ್ಯ ನನ್ನ ಹೆಸರು ಮುಗಿಯುವ ಮೊದಲೇ ಫೋನ್ ಇಟ್ಟ. ಎರಡನೆಯವಳು ತನ್ನ ಮೊಣಕಾಲಿನ ಕಥೆ ಪೂರ್ತಿ ಹೇಳಿ, ಕೊನೆಗೆ ತನಗೆ ಮತವೇ ಇಲ್ಲ, ತಾನು ಕೆನಡಾದವಳು ಎಂದಳು. ಮೊಣಕಾಲುದ್ದದ ಹಿಮದಲ್ಲಿ ಮನೆಮನೆಯ ಬಾಗಿಲು ತಟ್ಟಿದೆ. ಮುದುಕ ಬೋಲನ್ ಬಾಗಿಲು ತೆರೆದು, ಸ್ಟ್ರಾಮ್ ಹೆಸರು ಕೇಳಿ, ಒಂದು ಹೆಣ್ಣಿಗೆ ದೇಶ ಒಪ್ಪಿಸಲಾರೆ ಎಂದ. ಅವನ ಹೆಂಡತಿ ಒಳಗಿನಿಂದಲೇ, ತನಗೆ ಚೆಕ್‌ಬುಕ್ ಒಪ್ಪಿಸಿ ಮೂವತ್ತು ವರ್ಷವಾಯಿತು, ಇನ್ನೂ ಮುಳುಗಿಲ್ಲವಲ್ಲ ಎಂದಳು. ಗುರುವಾರ ಸಂಜೆ ಅಂಗಡಿಯಲ್ಲೇ ಕಾಫಿ ಕೂಟ ಇಟ್ಟೆ. ಹೇರ್ ಡ್ರೈಯರಿನ ಕೆಳಗೆ ಕೂತು ಜನ ಆಸ್ಪತ್ರೆಯ ಬಗ್ಗೆ, ಮಕ್ಕಳ ಶಾಲಾ ಬಸ್ಸಿನ ಬಗ್ಗೆ ಕಿರುಚಾಡಿದರು. ಡ್ರೈಯರಿನ ಸದ್ದಿನಲ್ಲಿ ತಾವು ಕಿರುಚುತ್ತಿದ್ದೇವೆಂದೇ ಅವರಿಗೆ ಗೊತ್ತಾಗುತ್ತಿರಲಿಲ್ಲ. ನಿನ್ನ ಅಪ್ಪ ಹೋದ ಮೇಲೆ ಅಷ್ಟು ಸಂತೋಷವಾಗಿ ನಾನು ಇದ್ದದ್ದಿಲ್ಲ, ಕರ್ಸ್ಟನ್. ಅದನ್ನೂ ನಿನಗೆ ಹೇಳಬೇಕಿತ್ತು.

ಕಿಟಕಿಗೆ ಸ್ಟ್ರಾಮ್ ಫಲಕ ಹಾಕಿದ ದಿನವೇ ಹಾರ್ಲನ್ ಬಂದ. ಅಂಗಡಿಯ ಕಟ್ಟಡ ಅವನದು, ಒಪ್ಪಿದೆ. ಅವನು ಅದೇ ಪಕ್ಷದಲ್ಲಿ ಸ್ಟ್ರಾಮ್‌ಗೆ ಎದುರಾಳಿಯಾದ ಸೆನೆಟರ್ ಹ್ಯಾಲಿಡೇ ಕಡೆಯ ಮುಖಂಡ, ಅದೂ ಊರಿಗೆಲ್ಲ ಗೊತ್ತು. ಮೊದಲು ನಗುತ್ತಲೇ ಹೇಳಿದ, ಬೀಗರೊಳಗೆ ಇದೆಲ್ಲ ಯಾಕೆ ಎಂದು. ಬೀಗರೆಂದು ಬಾಡಿಗೆಯಲ್ಲಿ ನೀವೇನೂ ಬಿಟ್ಟಿಲ್ಲವಲ್ಲ ಎಂದೆ. ಆಮೇಲೆ ಅವನು ನಗಲಿಲ್ಲ. ಮರುದಿನ ನಾನು ಅದರ ಪಕ್ಕದಲ್ಲೇ ಇನ್ನೊಂದು ಫಲಕ ಹಾಕಿದೆ.

ಇನ್ನು ಹೋದ ವಾರದ ಸೋಮವಾರ ಸಂಜೆಯ ಸಭೆ. ಹದಿನೆಂಟು ತುಂಬುತ್ತಲೇ ಊರು ಬಿಟ್ಟವಳು ನೀನು, ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಈ ಕಾಕಸ್ ಸಭೆಗೆ ಒಮ್ಮೆಯೂ ಬಂದವಳಲ್ಲ. ಇಲ್ಲಿ ಮತದ ಪೆಟ್ಟಿಗೆಯೂ ಇಲ್ಲ, ಪರದೆಯೂ ಇಲ್ಲ. ಪಕ್ಷದವರೆಲ್ಲ ಶಾಲೆಯ ಒಳಾಂಗಣ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಸೇರಿ, ತಮ್ಮ ತಮ್ಮ ಅಭ್ಯರ್ಥಿಯ ಮೂಲೆಗೆ ಹೋಗಿ ನಿಲ್ಲಬೇಕು. ನೆರೆಯವರು, ಯಜಮಾನರು, ಬೀಗರು ಎಲ್ಲರೂ ನೋಡುತ್ತಿರುತ್ತಾರೆ. ಬಂದವರಲ್ಲಿ ನೂರಕ್ಕೆ ಹದಿನೈದರಷ್ಟು ಜನ ಒಂದು ಮೂಲೆಯಲ್ಲಿ ಸೇರದಿದ್ದರೆ ಆ ಗುಂಪು ಲೆಕ್ಕಕ್ಕಿಲ್ಲ. ಅವರು ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಬೇರೆಯವರನ್ನು ತಮ್ಮ ಕಡೆ ಕರೆತರಬೇಕು.

ನಾನು ಮಧ್ಯಾಹ್ನದಿಂದ ಕಾರಿನಲ್ಲಿ ಓಡಾಡಿ ನಡೆಯಲಾರದವರನ್ನೆಲ್ಲ ಕರೆತಂದೆ. ಯೆಸೇನಿಯಾ ಮಗುವನ್ನು ಎದೆಗೆ ಕಟ್ಟಿಕೊಂಡು ಬಂದಳು. ಬೋಲನ್‌ನ ಹೆಂಡತಿ ಬಂದಳು. ಅವನು ಹ್ಯಾಲಿಡೇ ಮೂಲೆಗೆ, ಅವಳು ನಮ್ಮ ಮೂಲೆಗೆ. ಎಣಿಸಿದರು. ನಮಗೆ ಒಬ್ಬರು ಕಡಿಮೆ.

ಆಮೇಲೆ ಹತ್ತು ನಿಮಿಷ ಸಂತೆ. ಎಲ್ಲ ಮೂಲೆಯವರೂ ನಮ್ಮನ್ನು ಸೆಳೆಯಲು ಬಂದರು. ಒಬ್ಬರು ಬಿಸ್ಕತ್ತು ತಂದರು. ನಮ್ಮವರಲ್ಲಿ ಇಬ್ಬರು ಮನೆಗೆ ಹೊರಡಲು ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಕೊನೆಗೆ ಹಾರ್ಲನ್ ತಾನೇ ಬಂದ.

"ಹಟ ಬಿಡು ವರ್ನಾ. ಗೆಲ್ಲೋ ಕಡೆ ಬಂದು ನಿಂತ್ಕೋ, ಮರ್ಯಾದೆಯಾಗಿರುತ್ತೆ," ಎಂದ.

ನಾನು ಇಲ್ಲೇ ಚೆನ್ನಾಗಿದ್ದೇನೆ ಎಂದೆ.

"ಮಾರ್ಚಿಗೆ ಅಂಗಡಿ ಒಪ್ಪಂದ ಮುಗಿಯುತ್ತೆ. ಜ್ಞಾಪಕ ಇರ್ಲಿ."

ಅವನು ಮೆಲ್ಲಗೆ ಹೇಳಿದೆ ಎಂದುಕೊಂಡಿದ್ದ. ಆದರೆ ಆ ಅಂಗಳದಲ್ಲಿ ಪಿಸುಮಾತೂ ಗೋಡೆಗೆ ಬಡಿದು ತಿರುಗಿ ಬರುತ್ತದೆ. ಎಲ್ಲ ಮೂಲೆಯವರೂ ನಮ್ಮ ಕಡೆ ತಿರುಗಿದರು. ಹೆದರಲಿಲ್ಲ ಎಂದು ನಿನಗೆ ಸುಳ್ಳು ಬರೆಯುವುದಿಲ್ಲ. ಆದರೂ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಅಂಗಡಿ ನಿಮ್ದು ಹಾರ್ಲನ್. ತಗೊಳ್ಳಿ. ನಾನು ಎಲ್ಲಿ ನಿಲ್ಬೇಕು ಅನ್ನೋದು ಆ ಬಾಡಿಗೇಲಿ ಸೇರಿರ್ಲಿಲ್ಲ."

ಆಗ ಹ್ಯಾಲಿಡೇ ಮೂಲೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ನಿನ್ನ ಅತ್ತೆ ಲವಾನ್ ಎದ್ದಿದ್ದಳು. ಕೈಚೀಲ ತೋಳಿಗೆ ಹಾಕಿಕೊಂಡು, ಅಂಗಳದ ನಟ್ಟನಡುವೆ, ಚರ್ಚಿನಲ್ಲಿ ನಡೆಯುವ ಹಾಗೆ ನಿಧಾನವಾಗಿ ನಮ್ಮ ಕಡೆ ಬಂದಳು.

"ಲವಾನ್, ಎಲ್ಲಿಗೆ ಹೊರಟೆ?" ಎಂದ ಹಾರ್ಲನ್.

"ಇಲ್ಲಿಗೇ," ಎಂದಳು. ಬಂದು ನನ್ನ ಪಕ್ಕ ನಿಂತಳು. ಅವನು ಅವಳ ಮೊಣಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ, ಅಲುಗಲೂ ಇಲ್ಲ, ಅವನ ಕೈಯನ್ನೇ ನೋಡುತ್ತ ನಿಂತಳು. ಊರೆಲ್ಲ ಅದೇ ಕೈಯನ್ನು ನೋಡಿತು. ಅವನೇ ಬಿಟ್ಟ.

ಮತ್ತೆ ಎಣಿಸಿದರು. ನಮ್ಮ ಗುಂಪು ಲೆಕ್ಕಕ್ಕೆ ಬಂತು: ಪಕ್ಷದ ಮುಂದಿನ ಸಭೆಗೆ ಗವರ್ನರ್ ಸ್ಟ್ರಾಮ್ ಪರವಾಗಿ ಆಲ್ಡೆನ್ ಗ್ರೋವ್‌ನಿಂದ ಒಬ್ಬ ಪ್ರತಿನಿಧಿ. ಆ ಪ್ರತಿನಿಧಿ ನಿನ್ನ ಅಮ್ಮ.

ನಾನು ಲವಾನ್‌ಳ ತಲೆ ಕೆಡಿಸಿದೆ ಎಂದು ಹಾರ್ಲನ್ ಹೇಳಿದನಲ್ಲ, ಅದು ಸುಳ್ಳು. ವಾರವಾರ ಕೂದಲು ಸುರುಳಿ ಮಾಡಿಸಿಕೊಳ್ಳಲು ಬರುತ್ತಿದ್ದಾಗಲೂ ಅವಳ ಹತ್ತಿರ ನಾನು ರಾಜಕೀಯ ಎತ್ತಲಿಲ್ಲ, ನಿನ್ನ ಸಂಸಾರದ ಮುಖ ನೋಡಿ. ಯಾಕೆ ಬಂದೆ ಎಂದು ಹೊರಗೆ ಬಂದಾಗ ಕೇಳಿದೆ. "ನಿಮ್ಮ ಗವರ್ನರ್ ಯಾರೋ ನಂಗೆ ಸರಿಯಾಗಿ ಗೊತ್ತಿಲ್ಲ ವರ್ನಾ. ಆದ್ರೆ ನಮ್ಮ ಯಜಮಾನ್ರು ಆ ದನೀಲಿ ಮಾತಾಡೋದು ಮನೇಲಿ ಮಾತ್ರ ಅಂದ್ಕೊಂಡಿದ್ದೆ," ಎಂದಳು. ಇದನ್ನು ನಿನ್ನ ಗಂಡ ಡೆರಿಕ್‌ಗೆ ಓದಿ ಹೇಳಬೇಕೋ ಬೇಡವೋ ನೀನೇ ನೋಡಿಕೋ. ನಾನಾಗಿದ್ದರೆ ಓದುತ್ತಿದ್ದೆ.

ಇಡೀ ರಾಜ್ಯದಲ್ಲಿ ಸ್ಟ್ರಾಮ್ ನಾಲ್ಕನೆಯವಳಾದಳು. ಹ್ಯಾಲಿಡೇ ಗೆದ್ದ. ಪತ್ರಿಕೆಯಲ್ಲಿ ನಮ್ಮೂರಿನ ಹೆಸರು ಕೂಡ ಇಲ್ಲ. ಅಂಗಡಿ ಖಾಲಿ ಮಾಡಲು ವಕೀಲರ ಪತ್ರ ಬಂದಿದೆ. ಮಾರ್ಚಿಗೆ ಕಾಯದೆ ಕುರ್ಚಿ, ಕನ್ನಡಿ ನಮ್ಮ ಗ್ಯಾರೇಜಿಗೆ ತಂದೆ, ಫಲಕಗಳನ್ನು ಈಗ ಅದರ ಕಿಟಕಿಗೆ ಹಾಕಿದ್ದೇನೆ. ಇಷ್ಟಾದರೂ ನಿನ್ನೆ ಆರು ಜನ ಗ್ಯಾರೇಜಿಗೇ ಬಂದು ಚಳಿಗೆ ಕೋಟು ಬಿಚ್ಚದೆ ಕೂದಲು ಕತ್ತರಿಸಿಕೊಂಡು ಹೋದರು.

ನಿನ್ನ ಸಂಸಾರಕ್ಕೆ ನನ್ನಿಂದ ಕಷ್ಟವಾಗಿದ್ದರೆ ಅದು ನನಗೆ ನೋವು. ಆ ನೋವನ್ನು ಇಟ್ಟುಕೊಳ್ಳುತ್ತೇನೆ. ಆದರೆ ಆ ಮೂಲೆಯನ್ನು ಬಿಟ್ಟುಕೊಡುವುದಿಲ್ಲ. ನಾಡಿದ್ದು ಪಕ್ಕದ ಮಿನೆಸೋಟಾ ರಾಜ್ಯಕ್ಕೆ ಹೊರಡುತ್ತೇನೆ. ಅಲ್ಲಿ ಮತದಾನ ಇನ್ನೂ ಆಗಿಲ್ಲ, ತಟ್ಟದ ಬಾಗಿಲುಗಳು ಬಹಳ ಇವೆಯಂತೆ.

ಬಗ್ಗದ ನಿನ್ನ ಅಮ್ಮ,
ವರ್ನಾ ಜೆಪ್ಸನ್

ಮರೆತಿದ್ದೆ: ನನ್ನ ಕಾರು ಅಷ್ಟು ದೂರ ಓಡದು. ಲವಾನ್‌ಳ ಕಾರಿನಲ್ಲಿ ಹೋಗುತ್ತೇವೆ, ಅವಳೇ ಓಡಿಸುತ್ತಾಳೆ. ಸಭೆಯ ರಾತ್ರಿಯಿಂದ ಅವಳು ನಿನ್ನ ಹಳೆಯ ಕೋಣೆಯಲ್ಲಿದ್ದಾಳೆ. ಸ್ಟ್ರಾಮ್‌ಳ ಕರಪತ್ರಗಳನ್ನೆಲ್ಲ ಈಗ ಓದಿ ಮುಗಿಸಿದ್ದಾಳೆ; ಎರಡು ವಿಷಯಕ್ಕೆ ಅವಳ ಒಪ್ಪಿಗೆ ಇಲ್ಲವಂತೆ, ದಾರಿಯುದ್ದಕ್ಕೂ ನನ್ನ ಜೊತೆ ಜಗಳವಾಡುತ್ತಾಳಂತೆ. ಡೆರಿಕ್‌ಗೆ ಅಮ್ಮನ ಹತ್ತಿರ ಮಾತಾಡಬೇಕೆನಿಸಿದರೆ ಇಲ್ಲಿಗೆ ಫೋನ್ ಮಾಡಲಿ. ಅಪ್ಪನ ಪರವಾಗಿ ಮಾಡುವುದಾದರೆ ಬೇಡವಂತೆ.